ಟ್ರಂಕಿನಲ್ಲಿ ಉಳಿದ ತಾಯಿ ಕಾರ್ಡ್

ಮೊದಲೇ ಹೇಳಿಬಿಡುತ್ತೇನೆ, ಇದು ಸಾವಿನ ಕತೆಯಲ್ಲ. ತಾಯಿ ಬದುಕಿದ್ದಾಳೆ, ಮಗುವೂ ಬದುಕಿದೆ. ಅದಕ್ಕೇ ಬರೆಯುತ್ತಿದ್ದೇನೆ. ಬಾಣಂತಿ ಸತ್ತರೆ ನಮ್ಮಲ್ಲಿ ಆಡಿಟ್ ಆಗುತ್ತದೆ, ಜಿಲ್ಲೆಯಿಂದ ಜೀಪು ಬರುತ್ತದೆ, ಯಾರು ಎಷ್ಟು ಗಂಟೆಗೆ ಏನು ಮಾಡಿದರು ಅಂತ ನಿಮಿಷ ನಿಮಿಷದ ಲೆಕ್ಕ ಕೇಳುತ್ತಾರೆ. ಸಾವಿನ ಹೊಸಿಲು ಮುಟ್ಟಿ ವಾಪಸ್ ಬಂದವಳ ಲೆಕ್ಕ ಯಾರಿಗೂ ಬೇಡ. ಅಂಥವರ ಪ್ರಕರಣವನ್ನೂ ಪರಿಶೀಲಿಸಬೇಕು ಅಂತ ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ತಂದಿತ್ತು, ಆದರೆ ಅದು ದೊಡ್ಡ ಆಸ್ಪತ್ರೆಗಳನ್ನು ದಾಟಿ ನಮ್ಮಂಥ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಇಳಿದು ಬಂದದ್ದನ್ನು ನಾನಂತೂ ನೋಡಿಲ್ಲ. ಹಾಗಾಗಿ ನನ್ನ ಆಡಿಟ್ ನಾನೇ ಮಾಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಿ.

ನಾನು ಸ್ಟಾಫ್ ನರ್ಸ್. ತುಮಕೂರು ಜಿಲ್ಲೆಯಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡ ತಾಲ್ಲೂಕೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ. ಊರಿನ ಹೆಸರು ಹೇಳುವುದಿಲ್ಲ, ಆ ಹುಡುಗಿಯ ಹೆಸರೂ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಕಾಯಿಲೆಯ ವಿವರ ಮಾತ್ರ ಇದ್ದ ಹಾಗೇ ಇದೆ.

ನಮ್ಮ ಕಡೆಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಹೆಣ್ಣು ಕೊಡುವಾಗ, ತರುವಾಗ ಯಾರೂ ರಾಜ್ಯದ ಗಡಿ ನೋಡುವುದಿಲ್ಲ. ಮಡಕಶಿರಾ, ರೊಳ್ಳ, ಹಿಂದೂಪುರ, ಎಲ್ಲ ಕಡೆಯೂ ನೆಂಟರು. ಮಳೆ ಕಮ್ಮಿ, ಕಡಲೆಕಾಯಿ ಬೆಳೆ, ಬೋರ್‌ವೆಲ್ ಎಷ್ಟು ಆಳಕ್ಕೆ ಹೋದರೂ ಬರುವುದು ಫ್ಲೋರೈಡ್ ನೀರು. ಬೆಳೆ ಕೈಕೊಟ್ಟ ವರ್ಷ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಬಸ್ ಹತ್ತುತ್ತಾರೆ, ಅವನು ಗಾರೆ ಕೆಲಸಕ್ಕೆ, ಅವಳು ಗಾರ್ಮೆಂಟ್ಸ್‌ಗೆ. ಅಂದರೆ ನಮ್ಮ ಒಬ್ಬ ಗರ್ಭಿಣಿಗೆ ಮೂರು ಊರು: ತವರು, ಅತ್ತೆ ಮನೆ, ಬೆಂಗಳೂರು. ಈ ಮೂರು ಊರು ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಅವಳು ಯಾರು

ಆಧಾರ್ ಪ್ರಕಾರ 20 ವರ್ಷ. ಅವರಮ್ಮನ ಪ್ರಕಾರ 19. "ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಒಂದು ವರ್ಷ ಜಾಸ್ತಿ ಬರ್ಕೊಂಬಿಟ್ರು ಸಿಸ್ಟ್ರೇ" ಅಂತ ಆಮೇಲೆ ಹೇಳಿದರು. ಆ ಲೆಕ್ಕ ಹಿಡಿದರೆ ಮದುವೆ ಆದಾಗ ಅವಳಿಗೆ 18 ತುಂಬಿರಲಿಲ್ಲ, ಕಾಗದದಲ್ಲಿ ತುಂಬಿತ್ತು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳ ಪೈಕಿ ನೂರಕ್ಕೆ 21 ಮಂದಿಗೆ 18ಕ್ಕೆ ಮುಂಚೆ ಮದುವೆ ಆಗಿತ್ತು ಅಂತ ಬಂದಿದೆ. ಇವಳಂಥವರು ಆ 21ರಲ್ಲಿ ಸೇರಿದ್ದಾರೋ ಇಲ್ಲವೋ ಆ ಮೇಷ್ಟ್ರನ್ನೇ ಕೇಳಬೇಕು.

ಎತ್ತರ 143 ಸೆಂಟಿಮೀಟರ್. ತೂಕ ಒಂಬತ್ತನೇ ತಿಂಗಳಲ್ಲೂ 46 ಕೆಜಿ ದಾಟಿರಲಿಲ್ಲ. ಗಂಡ ಸೋದರತ್ತೆಯ ಮಗ. ಮೊದಲ ಮಗುವಿಗೆ 20 ತಿಂಗಳು. ಲೆಕ್ಕ ಹಾಕಿ ನೋಡಿ, ಮೊದಲ ಹೆರಿಗೆಯಾಗಿ ಸುಮಾರು 11 ತಿಂಗಳಿಗೇ ಮತ್ತೆ ಬಸಿರು. ಒಂದು ಹೆರಿಗೆಯಾದ ಮೇಲೆ ಇನ್ನೊಂದು ಬಸಿರಿಗೆ ಕನಿಷ್ಠ 24 ತಿಂಗಳು ಬಿಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸುಮ್ನೆ ಹೇಳುವುದಲ್ಲ ಅದು. ಹೆರಿಗೆಯಲ್ಲಿ ಹೋದ ರಕ್ತ, ಹಾಲಿನಲ್ಲಿ ಹೋದ ಸತ್ವ, ಎಲ್ಲ ಮೈಯಲ್ಲಿ ಮತ್ತೆ ತುಂಬಿಕೊಳ್ಳುವುದಕ್ಕೆ ಅಷ್ಟು ಸಮಯ ಬೇಕು. ಇವಳು ಖಾಲಿ ಕಣಜದಿಂದಲೇ ಇನ್ನೊಂದು ಮಗುವಿಗೆ ಕಾಳು ಅಳೆದು ಕೊಡುತ್ತಿದ್ದಳು.

ಮೊದಲ ಹೆರಿಗೆ ಬೆಂಗಳೂರಿನಲ್ಲಿ. ಎರಡನೇ ಬಸಿರಿನ ನೋಂದಣಿ ಆಂಧ್ರದಲ್ಲಿ, ಅತ್ತೆ ಮನೆಯ ಊರಲ್ಲಿ. ಎರಡನೇ ಹೆರಿಗೆಗೆ ಬಂದದ್ದು ನಮ್ಮ ಕಡೆಯ ತವರಿಗೆ, ಅದೂ ಒಂಬತ್ತರಲ್ಲಿ. ಎಂಟರಲ್ಲಿ ಕಳಿಸಬಾರದು, ಬೆಸ ತಿಂಗಳೇ ಆಗಬೇಕು. ಏಳರಲ್ಲಿ ಕಳಿಸೋಣ ಅಂದರೆ ಕಡಲೆಕಾಯಿ ಕೀಳುವ ಕೆಲಸ, ಮನೆಗೆ ಆಳು ಬೇಕು. ಅಲ್ಲಿಗೆ ಒಂಬತ್ತು.

ಹೆರಿಗೆಗೆ 11 ದಿನ ಮುಂಚೆ

ಪ್ರತಿ ತಿಂಗಳು 9ನೇ ತಾರೀಖು ಗರ್ಭಿಣಿಯರ ತಪಾಸಣೆ ದಿನ. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅಂತ ನಡೆಯುತ್ತಿದೆ, ಊರವರ ಬಾಯಲ್ಲಿ ಅದು 'ಒಂಬತ್ತನೇ ತಾರೀಖಿನ ಕ್ಯಾಂಪು' ಅಷ್ಟೇ. ತಪಾಸಣೆಯ ವಿವರವೆಲ್ಲ ಬರೆದಿಡುವುದು ತಾಯಿ ಕಾರ್ಡಿನಲ್ಲಿ. ಅಪಾಯ ಇರುವ ಗರ್ಭಿಣಿಯ ಕಾರ್ಡಿಗೆ ಕೆಂಪು ಸ್ಟಿಕ್ಕರ್, ಇಲ್ಲದವರಿಗೆ ಹಸಿರು. ಕೆಂಪು ಅಂಟಿಸಿದರೆ ಆ ಹೆರಿಗೆ ಪಿಎಚ್‌ಸಿಯಲ್ಲಿ ಆಗಬಾರದು, ರಕ್ತ ಸಿಗುವ, ಆಪರೇಷನ್ ಮಾಡುವ ಆಸ್ಪತ್ರೆಯಲ್ಲಿ ಆಗಬೇಕು. ಒಳ್ಳೆಯ ಪದ್ಧತಿ. ಅಂಟಿಸುವುದಕ್ಕೆ ಕಾರ್ಡು ಬೇಕಲ್ಲ.

ಆಶಾ ಅಕ್ಕ ಅವಳನ್ನು ಕರೆದುಕೊಂಡು ಬಂದರು. ಅವತ್ತು ಅರವತ್ತು ಜನ ಗರ್ಭಿಣಿಯರು, ಕೂರಲು ಬೆಂಚು ಸಾಲದೆ ಜಗಲಿಯಲ್ಲಿ ಕೂತಿದ್ದರು. "ಕಾರ್ಡ್ ಎಲ್ಲಮ್ಮ?" ಅಂದೆ. "ಅತ್ತೆ ಮನೇಲಿ ಐತೆ ಮೇಡಂ, ಟ್ರಂಕಲ್ಲಿ. ಅಲ್ಲೇ ಎಲ್ಲಾ ಟೆಸ್ಟ್ ಮಾಡವ್ರೆ." ರಕ್ತದ ಗುಂಪು? "ಅದೂ ಕಾರ್ಡಲ್ಲೇ ಐತೆ. ತರ್ಸಿ ಕೊಡ್ತೀವಿ." ಸರಿ ಅಂತ ಬಿಟ್ಟೆ. ಬಿಪಿ 110/70. ಮೂತ್ರ ಪರೀಕ್ಷೆ ಸರಿ ಇತ್ತು. ಮಗುವಿನ ತಲೆ ಕೆಳಗಿತ್ತು, ಬಡಿತ ಚೆನ್ನಾಗಿತ್ತು. ಎಚ್‌ಬಿಗೆ, ಅಂದರೆ ಹಿಮೋಗ್ಲೋಬಿನ್ ಪರೀಕ್ಷೆಗೆ, ರಕ್ತ ಕೊಟ್ಟು ಬಾ ಅಂತ ಲ್ಯಾಬಿಗೆ ಕಳಿಸಿದೆ.

ರಕ್ತ ಕೊಟ್ಟಳು. ಚೀಟಿ ತಗೊಂಡು ವಾಪಸ್ ನನ್ನ ಮೇಜಿಗೆ ಬರಲಿಲ್ಲ. ಅವರ ಊರಿಗೆ ಇರುವುದು ದಿನಕ್ಕೆ ಎರಡು ಬಸ್ಸು, ಎರಡನೆಯದು ಹೊರಡುವ ಹೊತ್ತಾಗಿತ್ತು. ಲ್ಯಾಬಿನ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 7.4 ಅಂತ ಬರೆದಿದೆ. ನಾನು ಅದನ್ನು ನೋಡಿದ್ದು ಹೆರಿಗೆಯ ಮಾರನೇ ದಿನ. ಅಷ್ಟು ದಿನ ಆ ಅಂಕಿ ಮೂವತ್ತು ಅಡಿ ದೂರದ ಕೋಣೆಯಲ್ಲಿ ಕೂತಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗರ್ಭಿಣಿಗೆ ಎಚ್‌ಬಿ 11ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. 10ರಿಂದ 10.9 ಸೌಮ್ಯ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. 7.4 ಅಂದರೆ ಕಾಗದದ ಮೇಲೆ 'ಮಧ್ಯಮ'. ಈ ಪದ ಬಹಳ ಮೋಸದ್ದು. 26ನೇ ವಾರದಲ್ಲಿ 7.4 ಇದ್ದರೆ ಇನ್ನೂ ಮೂರು ತಿಂಗಳು ಕೈಯಲ್ಲಿದೆ ಅನ್ನಬಹುದು. 37ನೇ ವಾರದಲ್ಲಿ 7.4 ಅಂದರೆ ಕಾಯುವುದಕ್ಕೆ ಟೈಮೇ ಇಲ್ಲ. ಮಾತ್ರೆ ನುಂಗಿಸಿ ಪ್ರಯೋಜನವಿಲ್ಲ, ನರದ ಮೂಲಕ ಕಬ್ಬಿಣದ ಇಂಜೆಕ್ಷನ್ ಕೊಡಿಸಬೇಕು, ಹೆರಿಗೆಗೆ ಮುಂಚೆಯೇ ದೊಡ್ಡ ಆಸ್ಪತ್ರೆಗೆ ಸೇರಿಸಿ ರಕ್ತ ಕಾದಿರಿಸಬೇಕು. ನಮ್ಮ ಕೆಲಸದಲ್ಲಿ ಅಂಕಿ ಒಂದೇ ನೋಡಿದರೆ ಸಾಲದು, ಎಷ್ಟನೇ ವಾರದ ಅಂಕಿ ಅನ್ನೋದೂ ಮುಖ್ಯ.

ಅಂದ ಹಾಗೆ ಇದು ಅಪರೂಪದ್ದೇನೂ ಅಲ್ಲ. ಅದೇ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇದೆ. ಇಷ್ಟು ಮಾಮೂಲಿಯಾದ ಮೇಲೆ ನಮ್ಮ ಕಣ್ಣಿಗೂ ಅದು ಮಾಮೂಲಿಯೇ ಆಗಿಬಿಡುತ್ತದೆ. ಬಿಳಿಚಿದ ಮುಖ ನೋಡಿದರೆ 'ಇವರೆಲ್ಲ ಇರೋದೇ ಹೀಗೆ' ಅನ್ನಿಸುವ ಮಟ್ಟಕ್ಕೆ ಬಂದಿದ್ದೇವೆ. ಅವತ್ತು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದ್ದೆ ನಾನು, ಬಿಳಿಚಿತ್ತು, ನೆನಪಿದೆ. ಅರವತ್ತು ಜನರಲ್ಲಿ ಮೂವತ್ತು ಜನರದ್ದು ಹಾಗೇ ಇತ್ತು.

ಆ ರಾತ್ರಿ

ಅವತ್ತು ಅಮಾವಾಸ್ಯೆ. ಮಧ್ಯಾಹ್ನ ಮೂರಕ್ಕೆ ನೋವು ಶುರುವಾಗಿದೆ. ಕ್ಯಾಲೆಂಡರ್ ನೋಡಿದ್ದಾರೆ, ಅಮಾವಾಸ್ಯೆ ಕಳೆಯುವುದು ರಾತ್ರಿ ಎಂಟೂವರೆ ಮೇಲೆ. "ಅಮಾಸೆ ಕಳೀಲಿ, ಈಗಲೇ ಹೊಸಿಲು ದಾಟೋದು ಬ್ಯಾಡ" ಅಂತ ಅಜ್ಜಿ. ತೋಟದ ಮನೆ ಬೇರೆ, ಕೂಗಿದರೆ ಕೇಳುವವರಿಲ್ಲ. ಎಂಟೂವರೆಗೆ ಹೊರಟು, ಪಕ್ಕದ ತೋಟದವರ ಲಗೇಜ್ ಆಟೋದಲ್ಲಿ ಟಾರ್ಪಾಲಿನ ಮೇಲೆ ಜಮಖಾನೆ ಹಾಸಿ ಮಲಗಿಸಿಕೊಂಡು ನಮ್ಮಲ್ಲಿಗೆ ಬಂದಾಗ 9.40.

ಅಜ್ಜಿಯನ್ನು ಬೈಯುವುದು ಸುಲಭ. ನಾನೂ ಅವತ್ತು ಬೈದೆ. ಆದರೆ ಆಮೇಲೆ ಯೋಚಿಸಿದೆ, ನೋವು ಬಂದ ತಕ್ಷಣ ಹೊರಡಬೇಕು ಅನ್ನುವಂಥದ್ದು ಇವಳಲ್ಲಿ ಏನಿದೆ ಅಂತ ಆ ಮನೆಯವರಿಗೆ ಯಾರಾದರೂ ಹೇಳಿದ್ದರಾ? ನಾವೇ ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಎರಡನೇ ಹೆರಿಗೆ, ಮೊದಲನೆಯದು ಸುಸೂತ್ರ ಆಗಿದೆ, ಐದು ಗಂಟೆ ಕಾದರೆ ಏನಾಗುತ್ತೆ ಅಂದುಕೊಂಡಿದ್ದಾರೆ.

ನೋಡಿದೆ, ಗರ್ಭಕೋಶದ ಬಾಯಿ ಏಳು ಸೆಂಟಿಮೀಟರ್ ತೆರೆದಿದೆ. ಬಿಪಿ 108/68, ನಾಡಿ 104. ಮೀಟರಿನಲ್ಲಿ ಎಚ್‌ಬಿ ನೋಡಿದೆ, 7.1. ಎದೆ ಧಸಕ್ಕೆಂದಿತು. ತಾಲ್ಲೂಕು ಆಸ್ಪತ್ರೆ 30 ಕಿಲೋಮೀಟರ್ ದೂರ. ಎರಡನೇ ಹೆರಿಗೆ, ಏಳು ಸೆಂಟಿಮೀಟರ್, ಆಂಬುಲೆನ್ಸ್ ಬರುವುದಕ್ಕೆ ಅರ್ಧ ಗಂಟೆ, ಹೋಗುವುದಕ್ಕೆ ಮುಕ್ಕಾಲು ಗಂಟೆ. ದಾರಿಯಲ್ಲೇ ಹೆರಿಗೆಯಾಗುವುದು ಗ್ಯಾರಂಟಿ. ಕತ್ತಲ ರಸ್ತೆಯಲ್ಲಿ ಅಲುಗಾಡುವ ಗಾಡಿಯೊಳಗೆ ರಕ್ತಸ್ರಾವ ಶುರುವಾದರೆ ಇಲ್ಲಿ ಮಾಡುವಷ್ಟೂ ಮಾಡಲಾಗುವುದಿಲ್ಲ. ವೈದ್ಯಾಧಿಕಾರಿಗೆ ಫೋನ್ ಮಾಡಿದೆ, ಅವರೂ ಅದನ್ನೇ ಅಂದರು. ಇಟ್ಟುಕೊಂಡೆ. ಇವತ್ತಿಗೂ ಅದು ಸರಿಯೋ ತಪ್ಪೋ ನನಗೆ ಪೂರ್ತಿ ತೀರ್ಮಾನವಾಗಿಲ್ಲ. ಆದರೆ ಒಂದಂತೂ ತಪ್ಪು ಮಾಡಿದೆ: ಆಗಲೇ 108ಕ್ಕೆ ಫೋನ್ ಮಾಡಿ ಗಾಡಿ ತರಿಸಿ ಬಾಗಿಲಲ್ಲಿ ನಿಲ್ಲಿಸಿಕೊಳ್ಳಲು ಪ್ರಯತ್ನಿಸಬೇಕಿತ್ತು, ಮಾಡಲಿಲ್ಲ. ಹೆರಿಗೆಯಾಗಲಿ, ಆಮೇಲೆ ನೋಡೋಣ ಅಂದುಕೊಂಡೆ.

10.55ಕ್ಕೆ ಹೆಣ್ಣು ಮಗು, 2.1 ಕೆಜಿ, ಹುಟ್ಟಿದ ಕೂಡಲೇ ಅತ್ತಿತು. ಒಂದು ನಿಮಿಷದೊಳಗೆ ತೊಡೆಗೆ ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ 10 ಯೂನಿಟ್ ಕೊಟ್ಟೆ. ಹತ್ತು ನಿಮಿಷಕ್ಕೆ ಮಾಸು ಬಿತ್ತು, ಹರಡಿ ನೋಡಿದೆ, ಪೂರ್ತಿ ಇತ್ತು. ಹೊಟ್ಟೆ ಮೇಲೆ ಕೈ ಇಟ್ಟರೆ ಗರ್ಭಕೋಶ ಕಲ್ಲಿನ ಹಾಗೆ ಗಟ್ಟಿಯಾಗಿರಬೇಕು. ಇವಳದ್ದು ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಕೆಳಗೆ ಇಟ್ಟ ಬೇಸಿನ್ನಿನಲ್ಲಿ ಸದ್ದು ಕೇಳಿಸಿತು. ಈ ಕೆಲಸದಲ್ಲಿರುವವರಿಗೆ ಆ ಸದ್ದು ಗೊತ್ತು.

ಆಮೇಲಿನ ನಲವತ್ತು ನಿಮಿಷವನ್ನು ನಾನು ಬರೆದಿಟ್ಟುಕೊಂಡ ಕ್ರಮದಲ್ಲೇ ಹೇಳುತ್ತೇನೆ, ಯಾಕೆಂದರೆ ನನ್ನ ಹಾಗೆ ರಾತ್ರಿ ಒಬ್ಬರೇ ಇರುವ ಸಿಸ್ಟರ್‌ಗಳು ಓದಿದರೆ ಉಪಯೋಗವಾಗಬಹುದು. ಗರ್ಭಕೋಶ ಉಜ್ಜಲು ಶುರು ಮಾಡಿ ಆಯಾಗೆ 108ಕ್ಕೆ ಫೋನ್ ಮಾಡಲು ಹೇಳಿದೆ. ಇನ್ನೊಂದು ಕೈಗೂ ಸೂಜಿ ಹಾಕಿ ಎರಡು ಕಡೆ ಡ್ರಿಪ್, ಒಂದರಲ್ಲಿ ಆಕ್ಸಿಟೋಸಿನ್ 20 ಯೂನಿಟ್. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಕುಗ್ಗುವುದಿಲ್ಲ, ಹಾಗಾಗಿ ಕ್ಯಾಥೆಟರ್ (ಮೂತ್ರ ತೆಗೆಯುವ ನಳಿಕೆ). ನಾಲಿಗೆ ಕೆಳಗೆ ಮಿಸೊಪ್ರೊಸ್ಟಾಲ್ ನಾಲ್ಕು ಮಾತ್ರೆ, ಅದೂ ಗರ್ಭಕೋಶ ಕುಗ್ಗಲಿಕ್ಕೇ. ರಕ್ತ ಹೆಪ್ಪು ನಿಲ್ಲಲು ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ನಿಧಾನವಾಗಿ ಹತ್ತು ನಿಮಿಷ ನರಕ್ಕೆ. ಅದು ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಕೆಲಸಕ್ಕೆ ಬರುತ್ತದೆ. ಟಾರ್ಚ್ ಹಿಡಿದು ಹರಿದಿದೆಯಾ ನೋಡಿದೆ, ಇಲ್ಲ. ಆಕ್ಸಿಟೋಸಿನ್ ಬಗ್ಗೆ ಒಂದು ಮಾತು: ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಕರೆಂಟು ಹೋಗಿ ಹೋಗಿ ಬರುವ ನಮ್ಮ ಕಡೆ ಫ್ರಿಜ್ಜಿನಲ್ಲಿದ್ದರೂ ಶಕ್ತಿ ಕಳೆದುಕೊಂಡಿರುತ್ತದೆ. ನಾನು ಐಸ್ ಪ್ಯಾಕಿನ ಡಬ್ಬದಲ್ಲಿ ಇಡುತ್ತೇನೆ, ಹಾಗಾಗಿ ಅವತ್ತು ಔಷಧಿಯನ್ನು ದೂರುವ ಹಾಗಿಲ್ಲ.

ರಕ್ತ ನಿಲ್ಲಲಿಲ್ಲ. ಬಿಪಿ 80/50, ನಾಡಿ 136. ಕೊನೆಗೆ ಕ್ಯಾಥೆಟರಿಗೆ ಕಾಂಡೋಮ್ ಕಟ್ಟಿ ಗರ್ಭಕೋಶದೊಳಗೆ ಇಟ್ಟು ಸಲೈನ್ ತುಂಬಿಸಿ, ಒಳಗಿಂದ ಒತ್ತಿ ಹಿಡಿಯಲಿ ಅಂತ ಬಲೂನಿನ ಹಾಗೆ ಉಬ್ಬಿಸಿದೆ. ತರಬೇತಿಯಲ್ಲಿ ಬೊಂಬೆಯ ಮೇಲೆ ಮಾಡಿದ್ದು ಬಿಟ್ಟರೆ ಜೀವಂತ ಹೆಂಗಸಿಗೆ ಮಾಡಿದ್ದು ಅದೇ ಮೊದಲು. ಹರಿಯುತ್ತಿದ್ದದ್ದು ತೊಟ್ಟಿಕ್ಕುವುದಕ್ಕೆ ಬಂತು.

ಹೆರಿಗೆಯಲ್ಲಿ 500 ಎಂಎಲ್ ದಾಟಿದರೆ ಅತಿ ರಕ್ತಸ್ರಾವ ಅನ್ನುತ್ತೇವೆ. ಎಚ್‌ಬಿ 12 ಇರುವ ಹೆಂಗಸಿಗೆ ಮುಕ್ಕಾಲು ಲೀಟರ್ ಹೋದರೂ ಮೈ ಹೇಗೋ ತಡೆದುಕೊಳ್ಳಬಹುದು. 7 ಇರುವವಳಿಗೆ ಅದೇ ಮುಕ್ಕಾಲು ಲೀಟರ್ ಜೀವಕ್ಕೆ ಬರುತ್ತದೆ. ರಕ್ತಹೀನತೆ ತಾನಾಗಿ ಕೊಲ್ಲುವುದು ಕಮ್ಮಿ, ಬೇರೆ ಯಾವುದೋ ಒಂದು ಬಂದು ತಳ್ಳಿದಾಗ ಹಿಡಿದುಕೊಳ್ಳಲು ಏನೂ ಇಲ್ಲದ ಹಾಗೆ ಮಾಡಿಟ್ಟಿರುತ್ತದೆ.

'ನೆಗೆಟಿವ್' ಅಂದರೆ ಒಳ್ಳೇದಲ್ವಾ

ರಕ್ತ ಬೇಕು, ಯಾವ ಗುಂಪು? ಗೊತ್ತಿಲ್ಲ. ಲ್ಯಾಬಿಗೆ ಬೀಗ, ಕೀಲಿ ಟೆಕ್ನಿಷಿಯನ್ ಹತ್ತಿರ, ಅವರು ಊರಲ್ಲಿಲ್ಲ. ಗಂಡ ಬೆಂಗಳೂರಿನಲ್ಲಿದ್ದ. ಅವನಿಗೆ ಫೋನ್ ಮಾಡಿ, ಮೊದಲ ಹೆರಿಗೆಯಲ್ಲಿ ಏನಾಗಿತ್ತಪ್ಪಾ ಅಂತ ಕೇಳಿದೆ. ಅವನು ಹೇಳಿದ್ದು ಇಷ್ಟು: ಆಗಲೂ ರಕ್ತ ಜಾಸ್ತಿ ಹೋಗಿತ್ತು, ಒಂದು ಬಾಟಲಿ ಹಾಕಿದ್ದರು. ಆಮೇಲೆ ಒಂದು ದುಬಾರಿ ಇಂಜೆಕ್ಷನ್ ಹೊರಗಿಂದ ತರಿಸಿ ಹಾಕಿಸಿದ್ದರು. "ಅದೇನೋ ನೆಗೆಟಿವ್ ಅಂದ್ರು ಮೇಡಂ. ನೆಗೆಟಿವ್ ಅಂದ್ರೆ ಒಳ್ಳೇದಲ್ವಾ, ಕಾಯಿಲೆ ಇಲ್ಲ ಅಂತ ಅಂದ್ಕೊಂಡೆ ನಾನು."

ಅವನ ತಪ್ಪೇನಿದೆ ಹೇಳಿ. ಎಚ್‌ಐವಿ ನೆಗೆಟಿವ್, ಮಲೇರಿಯಾ ನೆಗೆಟಿವ್, ಕೊರೊನಾ ನೆಗೆಟಿವ್ ಅಂತ ಹೇಳಿದವರು ನಾವೇ. ಹಾಗೆ ಕೇಳಿ ಕೇಳಿ ಬಂದವನಿಗೆ ರಕ್ತದ ಗುಂಪು ನೆಗೆಟಿವ್ ಅಂದರೆ ಖುಷಿ ಆಗದೆ ಇನ್ನೇನಾಗುತ್ತೆ. ಆರ್‌ಎಚ್ ನೆಗೆಟಿವ್ ಅಂದರೆ ಮಗುವಿನ ರಕ್ತ ಪಾಸಿಟಿವ್ ಆದರೆ ತಾಯಿಯ ಮೈ ಅದರ ವಿರುದ್ಧ ತಿರುಗಬಹುದು, ಮುಂದಿನ ಮಗುವಿಗೆ ತೊಂದರೆ, ಅದಕ್ಕೇ ಹೆರಿಗೆಯಾದ 72 ಗಂಟೆಯೊಳಗೆ ಆ್ಯಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ, ಅದೇ ಅವನು ಹೇಳಿದ ದುಬಾರಿ ಸೂಜಿ. ಇದರ ಜೊತೆಗೆ, ತುರ್ತಿಗೆ ಬೇಕಾದರೆ ಆ ರಕ್ತ ಸುಲಭಕ್ಕೆ ಸಿಗುವುದಿಲ್ಲ. ಈ ಎರಡನೆಯದನ್ನು ನಾವು ಯಾರಿಗೂ ಬಿಡಿಸಿ ಹೇಳುವುದೇ ಇಲ್ಲ. ಇವತ್ತು ನಾನು ಅಂಥವರಿಗೆ 'ನೆಗೆಟಿವ್' ಅಂತ ಸುಮ್ನೆ ಹೇಳಿ ಬಿಡುವುದಿಲ್ಲ, "ನಿನ್ನದು ಅಪರೂಪದ ರಕ್ತ ಕಣಮ್ಮ, ಬೇಕಂದಾಗ ಸಿಗಲ್ಲ" ಅನ್ನುತ್ತೇನೆ. ಥಟ್ಟನೆ ತಲೆಗೆ ಹೋಗುತ್ತದೆ.

ಆ ಒಂದು ಫೋನು ದಾರಿಯನ್ನೇ ಬದಲಿಸಿತು. ತಾಲ್ಲೂಕಿಗೆ ಕೇಳಿದರೆ ಯಾವ ನೆಗೆಟಿವ್ ರಕ್ತವೂ ಇಲ್ಲ ಅಂದರು. ಹಾಗಾದರೆ ಅಲ್ಲಿ ನಿಲ್ಲುವುದೇ ಬೇಡ, ಸೀದಾ ತುಮಕೂರು ಅಂತ ವೈದ್ಯಾಧಿಕಾರಿ ತೀರ್ಮಾನಿಸಿ ತುಮಕೂರಿಗೆ ಮಾತಾಡಿದರು. ಗಂಡನ ಕಡೆಯವರು ಅಷ್ಟರಲ್ಲಿ ಟ್ರಂಕು ತೆಗೆದು ಕಾರ್ಡಿನ ಫೋಟೋ ವಾಟ್ಸಾಪ್ ಮಾಡಿದರು. ತೆಲುಗಿನಲ್ಲಿದ್ದ ಕಾರ್ಡು, ನನಗೆ ಓದಲು ಬರುವುದಿಲ್ಲ, ಆದರೆ ಅಂಕಿ ಎಲ್ಲ ಭಾಷೆಯಲ್ಲೂ ಒಂದೇ ಅಲ್ವಾ. 12ನೇ ವಾರ 9.6. 24ನೇ ವಾರ 8.3. ಗುಂಪು ಬಿ ನೆಗೆಟಿವ್. ಮೇಲೆ ಮೂಲೆಯಲ್ಲಿ ಕೆಂಪು ಗುರುತು. ಅಲ್ಲಿನ ಸಿಸ್ಟರ್ ತಮ್ಮ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದರು. ಆ ಕೆಂಪು ಗುರುತು ಟ್ರಂಕಿನೊಳಗೆ ಸೀರೆಗಳ ಮಧ್ಯೆ ಮಲಗಿತ್ತು, ಮಳೆಗೆ ನೆನೆಯಬಾರದು ಅಂತ ಜೋಪಾನ ಮಾಡಿದ್ದರಂತೆ.

108 ಬಂದದ್ದು 11.50ಕ್ಕೆ. ಆಯಾ ಮಗುವನ್ನು ಎದೆಗೆ ಅವಚಿಕೊಂಡು ಕೂತರು, ನಾನು ತಾಯಿ ಪಕ್ಕ. ದಾರಿಯುದ್ದಕ್ಕೂ ಹೊಟ್ಟೆ ಮೇಲಿಂದ ಕೈ ತೆಗೆಯಲಿಲ್ಲ. ತುಮಕೂರು ಮುಟ್ಟಿದಾಗ ಒಂದೂಮುಕ್ಕಾಲು. ಗುಂಪು ಮೊದಲೇ ತಿಳಿಸಿದ್ದರಿಂದ ಎರಡು ಬಾಟಲಿ ಬಿ ನೆಗೆಟಿವ್ ತೆಗೆದಿಟ್ಟಿದ್ದರು, ತಾಳೆ ನೋಡಿ ಹಾಕಲು ಶುರು ಮಾಡಿದರು. ಮೂರನೆಯದನ್ನು ಬೆಳಗ್ಗೆ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಬಂದು ಕೊಟ್ಟ. ಯಾರೋ ಏನೋ, ಕಾಫಿ ಕುಡಿಯಪ್ಪಾ ಅಂದರೆ ಕ್ಲಾಸ್ ಇದೆ ಅಂತ ಓಡಿದ. ಒಳಗಿಟ್ಟ ಬಲೂನನ್ನು ಮಾರನೇ ರಾತ್ರಿ ತೆಗೆದರು. ಗರ್ಭಕೋಶ ಉಳಿಯಿತು. ಮಗುವಿನ ಗುಂಪು ಬಿ ಪಾಸಿಟಿವ್ ಬಂತು, ಆದರೆ ಮೊದಲ ಸಲ ಬೆಂಗಳೂರಿನಲ್ಲಿ ಆ ಸೂಜಿ ಹಾಕಿಸಿದ್ದರಿಂದ ಮಗುವಿಗೆ ದೊಡ್ಡ ತೊಂದರೆ ಆಗಲಿಲ್ಲ. ಸ್ವಲ್ಪ ಕಾಮಾಲೆ, ಎರಡು ದಿನ ನೀಲಿ ಬೆಳಕಿನ ಕೆಳಗೆ ಇಟ್ಟರು. ತಾಯಿಗೆ ಮತ್ತೆ ಆ್ಯಂಟಿ-ಡಿ ಆಯಿತು. ಒಂಬತ್ತನೇ ದಿನ ನಗು-ಮಗು ಗಾಡಿಯಲ್ಲಿ (ಬಾಣಂತಿಯರನ್ನು ಮನೆಗೆ ಬಿಡುವ ಸರ್ಕಾರಿ ಗಾಡಿ) ಮನೆಗೆ.

ಹಿಂದಕ್ಕೆ ತಿರುಗಿ ನೋಡಿದರೆ

ತರಬೇತಿಗಳಲ್ಲಿ 'ಮೂರು ವಿಳಂಬ' ಅಂತ ಹೇಳಿಕೊಡುತ್ತಾರೆ. 1994ರಿಂದ ಇರುವ ಲೆಕ್ಕ ಅದು: ಹೊರಡುವ ತೀರ್ಮಾನ ಮಾಡುವುದರಲ್ಲಿ ತಡ, ಆಸ್ಪತ್ರೆ ಮುಟ್ಟುವುದರಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಇವಳ ಪ್ರಕರಣದಲ್ಲಿ ಮೂರೂ ಇವೆ. ಅಮಾವಾಸ್ಯೆ ಮೊದಲನೆಯದು, ಲಗೇಜ್ ಆಟೋ ಎರಡನೆಯದು, ಬೀಗ ಹಾಕಿದ ಲ್ಯಾಬು ಮತ್ತು ತಡವಾಗಿ ಕರೆದ 108 ಮೂರನೆಯದು. ಆದರೆ ನನಗೆ ಕಾಡುವುದು ಇವು ಮೂರೂ ಅಲ್ಲ. ಇವುಗಳಿಗಿಂತ ಮುಂಚಿನದು. ಅಪಾಯ ಏನು ಅಂತ ಮೂರು ಊರಲ್ಲಿ ಮೂರು ಜನಕ್ಕೆ ತುಂಡು ತುಂಡಾಗಿ ಗೊತ್ತಿತ್ತು. ಬೆಂಗಳೂರಿನವರಿಗೆ ಹಿಂದಿನ ರಕ್ತಸ್ರಾವ ಗೊತ್ತಿತ್ತು, ಆಂಧ್ರದ ಸಿಸ್ಟರ್‌ಗೆ ಗುಂಪು, ಎಚ್‌ಬಿ ಗೊತ್ತಿತ್ತು, ನಮ್ಮ ಲ್ಯಾಬಿಗೆ 7.4 ಗೊತ್ತಿತ್ತು. ಹೆರಿಗೆ ಮಾಡಿಸಿದ ನನಗೆ ಒಂದೂ ಗೊತ್ತಿರಲಿಲ್ಲ.

ಆ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ದೇಶದಲ್ಲಿ 97, ನಮ್ಮ ರಾಜ್ಯದಲ್ಲಿ 69. ಮುಂಚಿಗೆ ಹೋಲಿಸಿದರೆ ಬಹಳ ಇಳಿದಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇವಳೂ ಆ ನೂರಕ್ಕೆ 97 ಹೆರಿಗೆಯಲ್ಲೇ ಬರುತ್ತಾಳೆ, 'ಆಸ್ಪತ್ರೆ ಹೆರಿಗೆ' ಅಂತಲೇ ರಿಜಿಸ್ಟರಿನಲ್ಲಿ ಟಿಕ್ ಬಿದ್ದಿದೆ.

ಸೂಲಗಿತ್ತಿ ನರಸಮ್ಮನವರು ನಮ್ಮ ಜಿಲ್ಲೆಯವರು, ಪಾವಗಡದ ಕೃಷ್ಣಾಪುರ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ, ಒಂದಕ್ಕೂ ದುಡ್ಡು ಮುಟ್ಟದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ನಾನು ಮನೆ ಹೆರಿಗೆಯ ಪರ ಮಾತಾಡುತ್ತಿಲ್ಲ, ಎಂಥ ಕೈಗುಣವಿದ್ದರೂ ಮನೆಯಲ್ಲಿ ಕೂತು ಬಿ ನೆಗೆಟಿವ್ ರಕ್ತ ಹುಟ್ಟಿಸಲಾಗುವುದಿಲ್ಲ. ಆದರೆ ಹಳ್ಳಿಯ ಒಬ್ಬ ಸೂಲಗಿತ್ತಿಗೆ ಬಸುರಿಯ ಅಮ್ಮನ ಹೆರಿಗೆ ಹೇಗಾಗಿತ್ತು, ಅಕ್ಕನದ್ದು ಹೇಗಾಗಿತ್ತು ಎಲ್ಲ ಬಾಯಿಪಾಠ ಇರುತ್ತಿತ್ತು. ನಾವು ಅವರನ್ನು ಮನೆಗೆ ಕಳಿಸಿ ಆ ಜಾಗಕ್ಕೆ ಕಾರ್ಡು ತಂದೆವು. ಕಾರ್ಡಿಗೆ ಕಾಲಿಲ್ಲ. ಯಾರಾದರೂ ಎತ್ತಿಕೊಂಡು ಬಂದರಷ್ಟೇ ಅದು ಮಾತಾಡುತ್ತದೆ.

ಮಾತ್ರೆ ವಿಷಯ. ಕೆಂಪು ಮಾತ್ರೆ ದಿನಕ್ಕೊಂದು, ಬಸಿರಿನಲ್ಲಿ 180 ದಿನ, ಹೆರಿಗೆಯಾದ ಮೇಲೂ 180 ದಿನ. ಅವಳಿಗೂ ಕೊಟ್ಟಿದ್ದರು. ಎಷ್ಟು ನುಂಗಿದೆ ಅಂದರೆ "ನಲವತ್ತೋ ಐವತ್ತೋ" ಅಂದಳು. ಮಗು ಕಪ್ಪಾಗುತ್ತೆ ಅಂತ ಬಿಟ್ಟೆಯಾ? ನಕ್ಕಳು. "ಅದೆಲ್ಲ ನಾನು ನಂಬಲ್ಲ. ಬೆಳಗ್ಗೆ ನುಂಗಿ ಹೊಲಕ್ಕೆ ಹೋದ್ರೆ ಹೊಟ್ಟೆ ತೊಳಸ್ತಿತ್ತು, ವಾಂತಿ ಬರ್ತಿತ್ತು. ಕಡಲೆಕಾಯಿ ಕೀಳೋ ಕೂಲಿ ಬಿಡಕ್ಕಾಗುತ್ತಾ?" ಹತ್ತು ವರ್ಷದಿಂದ ನಾವು ಮೂಢನಂಬಿಕೆ ಬಿಡಿ ಬಿಡಿ ಅಂತ ಭಾಷಣ ಮಾಡುತ್ತಿದ್ದೇವೆ, ಅವಳಿಗೆ ಬೇಕಿದ್ದದ್ದು 'ರಾತ್ರಿ ಊಟ ಆಗಿ ಒಂದು ಗಂಟೆ ಬಿಟ್ಟು ಮಲಗುವ ಮುಂಚೆ ನುಂಗು, ಹಿಂದೆಯೇ ಟೀ ಕುಡಿಯಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆ ಸೇರಿಸಬೇಡ' ಅನ್ನೋ ಒಂದು ಮಾತು. ಅದನ್ನು ಯಾರೂ ಹೇಳಿರಲಿಲ್ಲ. ಊಟ ಅಂದರೆ ಸೊಸೈಟಿ ಅಕ್ಕಿ ಅನ್ನ, ತಿಳಿಸಾರು. ತವರಲ್ಲಿ ಮುದ್ದೆ, ಹುರುಳಿ ಸಾರು, ಸೊಪ್ಪು ಸಿಗುತ್ತಿತ್ತು. 2017ರಿಂದ ನಮ್ಮ ಅಂಗನವಾಡಿಗಳಲ್ಲಿ ಮಾತೃಪೂರ್ಣ ಅಂತ ಗರ್ಭಿಣಿಯರಿಗೆ ಮಧ್ಯಾಹ್ನದ ಊಟ ಇದೆ, ಆದರೆ ಇಲ್ಲಿಗೆ ಬಂದ ಮೇಲೂ ಅವಳ ಹೆಸರನ್ನು ಅಲ್ಲಿ ಯಾರೂ ಸೇರಿಸಿರಲಿಲ್ಲ. 'ಅವಳು ಆ ಊರಿನವಳು' ಅಂತ ಇಲ್ಲಿಯವರು, 'ತವರಿಗೆ ಹೋದಳು' ಅಂತ ಅಲ್ಲಿಯವರು.

ಈಗ ನಾವು ಮಾಡಿಕೊಂಡಿರುವ ಬದಲಾವಣೆ ಸಣ್ಣದು. ಆಶಾ ಅಕ್ಕಂದಿರು ಮನೆ ಭೇಟಿಯಲ್ಲಿ 'ನಿಮ್ಮನೇಲಿ ಗರ್ಭಿಣಿ ಇದ್ದಾರಾ' ಅಂತ ಕೇಳುವುದರ ಜೊತೆಗೆ 'ಮಗಳು ಹೆರಿಗೆಗೆ ಬಂದಿದ್ದಾಳಾ, ಬರ್ತಾಳಾ' ಅಂತಲೂ ಕೇಳುತ್ತಾರೆ. ಕಾರ್ಡು ಇಲ್ಲದೆ ಬಂದವರ ಮನೆಗೆ ಅಲ್ಲೇ ಕೂತು ಫೋನ್ ಮಾಡಿಸಿ ಫೋಟೋ ತರಿಸಿಕೊಳ್ಳುತ್ತೇವೆ, ಬರದಿದ್ದರೆ ಗುಂಪು, ಎಚ್‌ಬಿ ಎಲ್ಲ ಹೊಸದಾಗಿ ಮಾಡುತ್ತೇವೆ. 9ನೇ ತಾರೀಖು ಲ್ಯಾಬಿನ ರಿಜಿಸ್ಟರನ್ನು ಸಂಜೆ ನಾನೇ ಹೋಗಿ ಓದುತ್ತೇನೆ. ಚೀಟಿ ಬರಲಿ ಅಂತ ಕಾಯುವುದಿಲ್ಲ. ಹಿಂದಿನ ಹೆರಿಗೆ ಬಗ್ಗೆ 'ನಾರ್ಮಲ್ಲಾ, ಆಪರೇಷನ್ನಾ' ಅಂತ ಕೇಳಿ ಸುಮ್ಮನಾಗುತ್ತಿದ್ದೆ, ಈಗ 'ರಕ್ತ ಹಾಕಿದ್ರಾ' ಅಂತಲೂ ಕೇಳುತ್ತೇನೆ. ಲ್ಯಾಬಿನ ಇನ್ನೊಂದು ಕೀಲಿ ಹೆರಿಗೆ ಕೋಣೆಯ ಮೊಳೆಗೆ ತಗುಲಿದೆ.

42ನೇ ದಿನ ಅವಳು ಬಂದಳು. ಮುಂದಿನ ಬಸಿರು ಸದ್ಯಕ್ಕೆ ಬೇಡ ಅಂತ ಅವಳೇ ಬಾಯಿಬಿಟ್ಟು ಹೇಳಿದಳು, ವಂಕಿಯ (ಕಾಪರ್-ಟಿ) ಬಗ್ಗೆ ಕೇಳಿಕೊಂಡಳು, ಗಂಡನನ್ನು ಕೇಳಿ ಬರುತ್ತೇನೆ ಅಂದಳು. ಮೂರನೇ ತಿಂಗಳಿಗೆ ಗಂಡನ ಜೊತೆಯೇ ಬಂದು ಹಾಕಿಸಿಕೊಂಡು ಹೋದಳು. ಅವತ್ತು ಎಚ್‌ಬಿ 9.8. ಮಗು 4 ಕೆಜಿ ದಾಟಿದೆ. ಬರುವ ಸೋಮವಾರ ಅತ್ತೆ ಮನೆಗೆ ವಾಪಸ್ ಹೋಗುತ್ತಾಳಂತೆ, ಉಳಿದ ಮಾತ್ರೆ ಅಲ್ಲಿಯೇ ತಗೊಳ್ಳಬೇಕು. ಅಲ್ಲಿನ ಸಿಸ್ಟರ್ ನಂಬರ್ ಸಿಕ್ಕಿದೆ. ಎರಡು ಸಲ ಮಾಡಿದೆ, ಎತ್ತಲಿಲ್ಲ, ಅವರಿಗೂ ಅವತ್ತು ಕ್ಯಾಂಪ್ ಇತ್ತೇನೋ. ಸಂಜೆ ಮತ್ತೆ ಮಾಡಬೇಕು.